ಒಪ್ಪತ್ತಿನ ಮಾತ್ರೆ

ಶಿರಾ ಗೇಟಿನ ಆಸುಪಾಸಿನಲ್ಲಿ ಮೆಡಿಕಲ್ ಶಾಪುಗಳಿಗೇನೂ ಬರವಿಲ್ಲ. ಎಲ್ಲ ಕಡೆ ಗಿರಾಕಿ ಕೇಳುತ್ತಾನೆ, ಅಂಗಡಿಯವನು ಕೊಡುತ್ತಾನೆ. ಅರ್ಜೂ ಮೆಡಿಕಲ್ಸ್‌ನಲ್ಲಿ ಮಾತ್ರ ಮೊದಲು ಕೇಳುವವಳು ಅಂಗಡಿಯ ಯಾಸ್ಮೀನ್. ಟಾನಿಕ್ಕು, ವಿಟಮಿನ್ನು, ಮೀನೆಣ್ಣೆ ಗುಳಿಗೆ, ಯಾವುದನ್ನೇ ಕೇಳಿ, ಅವಳಿಂದ ಮೂರು ಪ್ರಶ್ನೆ ಬಂದೇ ಬರುತ್ತವೆ. "ಏನ್ ಊಟ ಮಾಡ್ತೀರ? ಈಗಾಗ್ಲೇ ಯಾವ ಮಾತ್ರೆ ನುಂಗ್ತಿದೀರ? ಇದನ್ನ ತಗೋ ಅಂತ ಹೇಳಿದ್ಯಾರು?" ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಅವಳ ಕೈ ಕಪಾಟಿನ ಕಡೆ ಹೋಗುವುದಿಲ್ಲ. ಕಾಸು ಹಿಡಿದುಕೊಂಡು ಬಂದವನನ್ನು ಬರಿಗೈಯಲ್ಲಿ ಕಳಿಸುವ ಅಂಗಡಿ ಇದೊಂದೇ ಎಂದು ಆಟೋದವರು ನಗುತ್ತಾರೆ. ನಗಲಿ. ಆ ಆಟೋದವರೇ ತಮ್ಮ ತಾಯಿಗೆ ಮಾತ್ರೆ ಬೇಕಾದಾಗ ಇಲ್ಲಿಗೇ ಬರುತ್ತಾರೆ.

ಈ ಪ್ರಶ್ನೆಗಳು ಕಾಲೇಜಿನಲ್ಲಿ ಕಲಿತವಲ್ಲ. ಅವಳ ತಂದೆ ಜಹೀರ್ ಅಹಮದ್ ಕುಣಿಗಲ್‌ನಲ್ಲಿ ಮೂವತ್ತು ವರ್ಷ ಕುದುರೆ ನೋಡಿಕೊಂಡವನು. ಕುದುರೆ ಬಡವಾಗಿದೆಯೆಂದು ಪ್ರೀತಿಯಿಂದ ದಿನಾ ಎರಡು ಹಿಡಿ ಹೆಚ್ಚಿಗೆ ಧಾನ್ಯ ಹಾಕಿದರೆ ಅದರ ಗೊರಸಿಗೆ ಬಾವು ಬಂದು, ನಿಂತಲ್ಲೇ ನರಳುತ್ತದೆ ಎನ್ನುವುದನ್ನು ಅವಳು ಆರು ವರ್ಷದವಳಿದ್ದಾಗಲೇ ಕಣ್ಣಾರೆ ಕಂಡಿದ್ದಳು. "ಪ್ರೀತಿ ಬೇರೆ, ಅಳತೆ ಬೇರೆ ಕಣಮ್ಮ" ಎನ್ನುತ್ತಿದ್ದ ಅವನು. "ಕುದುರೆ ಬಾಯ್ಬಿಟ್ಟು ಹೇಳಲ್ಲ. ನೀನೇ ಕೇಳ್ಬೇಕು." ಒಮ್ಮೆ ಅವನೇ ಅಳತೆ ತಪ್ಪಿದಾಗ ಯಾರೂ ಕೇಳುವ ಮೊದಲೇ ಹೋಗಿ ದನದ ಡಾಕ್ಟರ ಮುಂದೆ ನಿಂತಿದ್ದ. ತಪ್ಪು ಮಾಡಿದವನು ಮೊದಲು ಡಾಕ್ಟರಿಗೆ ಹೇಳಬೇಕು, ಆಮೇಲೆ ದೇವರಿಗೆ ಎನ್ನುವುದು ಅವನ ಧರ್ಮ. ಆ ಮಾತನ್ನು ಯಾಸ್ಮೀನ್ ಎಷ್ಟೋ ಜನಕ್ಕೆ ಹೇಳಿದ್ದಳು. ತನಗೇ ಹೇಳಿಕೊಳ್ಳುವ ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಹಾಗೆಂದು ಅವಳು ವಿಟಮಿನ್ನಿನ ಶತ್ರುವಲ್ಲ. ಮೊಟ್ಟೆಯನ್ನೂ ಮುಟ್ಟದ ಮನೆಗಳಿಂದ ಕೈಕಾಲು ಜೋಮು ಎಂದು ಬಂದವರಿಗೆ ಬಿ ಟ್ವೆಲ್ವ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಗದರುತ್ತಿದ್ದವಳು ಅವಳೇ. ಬಸುರಿಯರು ಕಬ್ಬಿಣದ ಮಾತ್ರೆಯನ್ನು ವಾಕರಿಕೆ ಎಂದು ಎಸೆದರೆ ಮನೆಗೇ ಹೋಗಿ ಬೈದು ಬಂದಿದ್ದುಂಟು. ಡಾಕ್ಟರು ರಕ್ತದ ಕೊಬ್ಬು ನೋಡಿ ಮೀನೆಣ್ಣೆ ಬರೆದಿದ್ದರೆ ತಕರಾರಿಲ್ಲದೆ ಕೊಡುತ್ತಿದ್ದಳು. "ಬೇಕಾದೋರಿಗೆ ಔಷಧಿ. ಬೇಡದೋರಿಗೆ ಅದೇ ಭಾರ. ತಕ್ಕಡೀಲಿ ಎರಡೂ ಕಡೆ ನೋಡ್ಬೇಕು" ಎನ್ನುವುದು ಅವಳ ವಾದ.

ಸದಾಶಿವನಗರದ ಚನ್ನವೀರಯ್ಯ, ಸರ್ವಮಂಗಳಮ್ಮ ದಂಪತಿ ಅವಳ ಹಳೆಯ ಗಿರಾಕಿಗಳು. ಆತ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಈಗ ಮನೆಯಲ್ಲಿದ್ದವನು, ಎದೆಗೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದವನು. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಹೋದ ವರ್ಷ ಆಷಾಢದಲ್ಲಿ ಒಂದು ದಿನ ಹಲ್ಲುಜ್ಜಿದರೆ ರಕ್ತ ಬರುತ್ತದೆ, ಏನಾದರೂ ಪೇಸ್ಟ್ ಕೊಡು ಎಂದು ಬಂದ. ಮೂರು ಪ್ರಶ್ನೆಗಳು ಬಂದವು. ಎರಡನೆಯದಕ್ಕೆ ಆತ ಚೀಲದಿಂದ ಬಂಗಾರದ ಬಣ್ಣದ ಗುಳಿಗೆಗಳ ಡಬ್ಬಿ ತೆಗೆದ.

"ನಮ್ಮ ಅಣ್ಣನ ಮಗ ಸೋಮಶೇಖರ್ ವೆಲ್ನೆಸ್ ಸೆಂಟರ್ ಇಟ್ಟವ್ನಲ್ಲಮ್ಮ, ಅವನು ಕೊಟ್ಟಿದ್ದು. ಒಮೆಗಾ ಅಂತೆ. ಹಾರ್ಟಿಗೆ ಒಳ್ಳೇದಂತೆ. ದಿನಕ್ಕೆ ನಾಲ್ಕು."

"ಅಯ್ಯನೋರೇ, ಇದು ಮೀನೆಣ್ಣೆ."

ಚನ್ನವೀರಯ್ಯನಿಗೆ ಅರ್ಥವಾಗಲಿಲ್ಲ. ಯಾಸ್ಮೀನ್ ಡಬ್ಬಿಯನ್ನು ತಿರುಗಿಸಿ, ಅದರ ಮೇಲೆ ಅಂಟಿಸಿದ್ದ ಸೋಮಶೇಖರನ ಫೋನ್ ನಂಬರಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆದಳು. ಕೆಳಗೆ ಮಾಂಸಾಹಾರದ ಕಂದು ಚುಕ್ಕೆ ಇತ್ತು. ಆರು ತಿಂಗಳು ಲಿಂಗಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡು, ಅದರ ಹಿಂದೆಯೇ ಎರಡೆರಡು ಮೀನಿನ ಗುಳಿಗೆ ನುಂಗಿದ್ದ ಮನುಷ್ಯ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತ. ಅವಳಿಗೆ ನಗುವೂ ಬಂತು, ಪಾಪ ಎಂದೂ ಅನ್ನಿಸಿತು.

"ಜಾತಿ ವಿಷ್ಯ ಆಮೇಲೆ ನೋಡ್ಕಳಿ. ರಕ್ತ ತೆಳ್ಳಗೆ ಮಾಡೋ ಮಾತ್ರೆ ಜೊತೆ ಇಷ್ಟೊಂದು ಇದನ್ನ ನುಂಗ್ಬಾರ್ದು. ಹಲ್ಲಲ್ಲಿ ಬಂದಿದ್ದು ಇನ್ನೆಲ್ಲಾದ್ರೂ ಬಂದ್ರೆ ಏನ್ಗತಿ? ಇದನ್ನ ನಿಲ್ಸಿ, ಆದ್ರೆ ಹಾರ್ಟ್ ಮಾತ್ರೆ ಮಾತ್ರ ನಿಲ್ಸ್‌ಬೇಡಿ. ಇವತ್ತೇ ಹಾರ್ಟ್ ಡಾಕ್ಟ್ರ ಹತ್ರ ಹೋಗಿ."

ಆ ಸುದ್ದಿ ಸದಾಶಿವನಗರದ ಮನೆಮನೆಗೆ ಹೋಯಿತು. ಸೋಮಶೇಖರನ ಡಬ್ಬಿಗಳು ಒಂದೊಂದಾಗಿ ವಾಪಸ್ ಬಂದವು. ಯಾಸ್ಮೀನ್ ಕೂಡ ಸುಮ್ಮನಿರಲಿಲ್ಲವೆನ್ನಿ; ಬಂದವರಿಗೆಲ್ಲ ಕಂದು ಚುಕ್ಕೆಯ ಕಥೆ ಹೇಳಿದಳು, ಸ್ವಲ್ಪ ಖುಷಿಯಿಂದಲೇ ಹೇಳಿದಳು. ಆ ಖುಷಿಗೆ ಬೆಲೆ ತೆರಬೇಕಾಯಿತು.

ಅದೇ ತಿಂಗಳು ಸರ್ವಮಂಗಳಮ್ಮ ಮಂಡಿನೋವಿನ ಡಾಕ್ಟರ ಚೀಟಿ ತಂದಿದ್ದಳು. ವಿಟಮಿನ್ ಡಿ ಬಹಳ ಕಡಿಮೆ ಇದೆ, ಅರವತ್ತು ಸಾವಿರ ಯೂನಿಟ್ಟಿನ ಕ್ಯಾಪ್ಸೂಲು, ವಾರಕ್ಕೊಂದರಂತೆ ಎಂಟು ವಾರ. ಪರೀಕ್ಷೆ ಮಾಡಿಸಿ ಬರೆದ ಚೀಟಿ; ಯಾಸ್ಮೀನಳ ಮೂರು ಪ್ರಶ್ನೆಗಳಿಗೂ ಉತ್ತರ ಸರಿಯಿತ್ತು. ಇಂಥ ವಾರದ ಮಾತ್ರೆಗಳಿಗೆ ಅವಳದೊಂದು ಪದ್ಧತಿಯಿತ್ತು. ವಾರಕ್ಕೊಂದು ಎಂದರೆ ವಯಸ್ಸಾದವರು ಮರೆಯುತ್ತಾರೆ. ಅದಕ್ಕೆ ಅವಳು ಅವರವರ ದಿನಕ್ಕೆ ಗಂಟು ಹಾಕುತ್ತಿದ್ದಳು. ತನ್ನ ಗಲ್ಲಿಯವರಿಗೆ ಶುಕ್ರವಾರಕ್ಕೆ ಜುಮ್ಮಾ ದಿನ ಎಂದು ಬರೆದುಕೊಡುತ್ತಿದ್ದಳು. ಶಿವಭಕ್ತರ ಮನೆಯವರಿಗೆ ಸೋಮವಾರ. ಸರ್ವಮಂಗಳಮ್ಮ ಸೋಮವಾರ ಒಪ್ಪತ್ತು ಇರುವವಳು, ದಿನಕ್ಕೆ ಒಂದೇ ಊಟ, ಅದೂ ಧಾರಾಳ ತುಪ್ಪ ಹಾಕಿಕೊಂಡು. ಈ ಕ್ಯಾಪ್ಸೂಲು ಜಿಡ್ಡಿನ ಊಟದ ಜೊತೆಗೇ ಚೆನ್ನಾಗಿ ಮೈಗೆ ಹತ್ತುತ್ತದೆ. ಇದಕ್ಕಿಂತ ಇನ್ನೇನು ಬೇಕು ಎಂದು ಯಾಸ್ಮೀನ್ ಸ್ಟ್ರಿಪ್ಪಿನ ಹಿಂದೆ ಕೆಂಪು ಮಾರ್ಕರಿನಲ್ಲಿ ದಪ್ಪಗೆ ಬರೆದಳು: "ಒಪ್ಪತ್ತಿನ ದಿನ ಊಟದ ಜೊತೆ ಒಂದು."

"ಎಷ್ಟ್ ಚೆಂದ ಬರೆದ್ಕೊಟ್ಟೆ ಕಣೇ. ಇನ್ ಮರೆಯಂಗೇ ಇಲ್ಲ" ಎಂದು ಸರ್ವಮಂಗಳಮ್ಮ ಹೊಗಳಿ ಹೋದಳು.

ಶ್ರಾವಣ ಬಂತು. ಸರ್ವಮಂಗಳಮ್ಮ ಗುಬ್ಬಿಯ ಮಗಳ ಮನೆಗೆ ಹೋದಳು. ಮಗಳು ಅನುಪಮಾ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಹೋದರೆ ಸಂಜೆಗೇ ಬರುತ್ತಿದ್ದಳು. ಹಗಲೆಲ್ಲ ಗುಡಿ, ಪೂಜೆ ಎಂದು ತಾಯಿ ಆರಾಮಾಗಿದ್ದಳು.

ಶ್ರಾವಣ ಮುಗಿದ ಮೇಲೆ, ಒಂದು ಬೆಳಗ್ಗೆ ಚನ್ನವೀರಯ್ಯ ಅಂಗಡಿಗೆ ಬಂದು ಒಂದು ಚೀಟಿ ಚಾಚಿದ. ವಾಂತಿಯ ಇಂಜೆಕ್ಷನ್, ಮಲಬದ್ಧತೆಯ ಸಿರಪ್ಪು.

"ಯಾರಿಗೆ?"

"ನಮ್ಮನೇವ್ಳಿಗೆ ಕಣಮ್ಮ. ಗುಬ್ಬಿಯಿಂದ ಬಂದಾಗಿಂದ ಸುಸ್ತು. ಉಪವಾಸ ಜಾಸ್ತಿ ಆಗದೆ ಅಂತವ್ರೆ. ಇವತ್ತು ಅನುಪಮಾ ನರ್ಸಿಂಗ್ ಹೋಮಿಗೆ ಸೇರಿಸವ್ಳೆ. ಕುಡಿದಷ್ಟೂ ನೀರು ಬೇಕು ಅಂತಾಳೆ. ನನ್ನೇ ಯಾರು ಅಂತ ಕೇಳ್ತಾಳೆ."

ಕುಡಿದಷ್ಟೂ ನೀರು, ವಾಂತಿ, ಮಲಬದ್ಧತೆ, ಬುದ್ಧಿಯ ಮಂಕು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಕಾಣುವ ಲಕ್ಷಣಗಳಿವು ಎಂದು ಹೊಳೆದು ಯಾಸ್ಮೀನಳ ಕೈ ನಿಂತಿತು. "ಮಾತ್ರೆ ಏನೇನ್ ನುಂಗ್ತಿದ್ರು? ಮನೇಲಿರೋದ್ನೆಲ್ಲ ಚೀಲಕ್ಕೆ ಹಾಕ್ಕೊಂಡ್ ಬನ್ನಿ. ಖಾಲಿ ಕವರೂ ಬಿಡ್ಬೇಡಿ. ಬೇಗ!" ಎಂದಳು. ಒಳಗೊಳಗೇ ಅವಳಿಗೆ ಅನುಮಾನ ಬೇರೆ ಕಡೆಗಿತ್ತು. ಸೋಮಶೇಖರನ ಮೀನೆಣ್ಣೆ ನಿಂತಿದ್ದರೂ ಅವನ ಕ್ಯಾಲ್ಸಿಯಂ ಪುಡಿ, ಹಸಿರು ಚುಕ್ಕೆಯದು ಎನ್ನುವ ಕಾರಣಕ್ಕೆ, ಆ ಮನೆಯಲ್ಲಿ ಇನ್ನೂ ನಡೆಯುತ್ತಿತ್ತು. ಸಿಕ್ಕಿದೆಯೋ ಮಗನೇ ಎಂದುಕೊಂಡಳು.

ಚೀಲ ಬಂತು. ಕೌಂಟರಿನ ಮೇಲೆ ಸುರಿದಳು. ಪುಡಿಯ ಡಬ್ಬಿ ಬಿತ್ತು. ಅದರ ಹಿಂದೆ ಖಾಲಿ ಸ್ಟ್ರಿಪ್ಪುಗಳು, ಒಂದಲ್ಲ, ನಾಲ್ಕು. ಮೊದಲನೆಯದರ ಬೆನ್ನ ಮೇಲೆ ಅವಳದೇ ಕೆಂಪು ಅಕ್ಷರಗಳು.

"ಇದೇನಯ್ಯನೋರೇ, ನಾನ್ ಕೊಟ್ಟಿದ್ದು ಒಂದು. ಎಂಟು ವಾರಕ್ಕೆ."

"ಅದು ಬೇಗ ಮುಗೀತು. ಗುಬ್ಬೀಲಿ ಖಾಲಿ ಕವರ್ ತೋರಿಸಿ ಇನ್ನೂ ಮೂರು ತಂದ್ಳು. ನೀನೇ ಬರೆದಿದೀಯಲ್ಲಮ್ಮ, ಒಪ್ಪತ್ತಿನ ದಿನ ಒಂದು ಅಂತ. ಶ್ರಾವಣ ಪೂರ್ತಿ ಒಪ್ಪತ್ತು ಅಲ್ವ ಅವ್ಳು? ಒಂದ್ ದಿನಾನೂ ತಪ್ಪಿಸ್ಲಿಲ್ಲ."

ಆತ ಅದನ್ನು ಹೆಮ್ಮೆಯಿಂದಲೇ ಹೇಳಿದ. ಹೆಂಡತಿ ಹೇಳಿದ ಮಾತು ತಪ್ಪದವಳು ಎನ್ನುವ ಹೆಮ್ಮೆ.

ವಾರಕ್ಕೊಂದು ನುಂಗಬೇಕಾದ ಅರವತ್ತು ಸಾವಿರ ಯೂನಿಟ್ಟನ್ನು ಆ ಮುದುಕಿ ತಿಂಗಳುದ್ದಕ್ಕೂ ದಿನಾ ನುಂಗಿದ್ದಳು, ಮೇಲಿಂದ ಕ್ಯಾಲ್ಸಿಯಂ ಪುಡಿ. ವಿಟಮಿನ್ ಡಿ ಅತಿಯಾದರೆ ತಿಂದ ಕ್ಯಾಲ್ಸಿಯಮ್ಮನ್ನೆಲ್ಲ ರಕ್ತಕ್ಕೆ ಎಳೆಯುತ್ತದೆ ಎನ್ನುವುದು ಯಾಸ್ಮೀನಳಿಗೆ ಗೊತ್ತಿತ್ತು. ಪ್ರತಿವರ್ಷ ರಂಜಾನ್ ಬಂದರೆ ಸಕ್ಕರೆ ಕಾಯಿಲೆಯ, ಬಿ.ಪಿ.ಯ ಗಿರಾಕಿಗಳನ್ನೆಲ್ಲ ಡಾಕ್ಟರ ಹತ್ತಿರ ಕಳಿಸಿ, ಬೆಳಗಿನ ಜಾವದ ಸಹರಿಗೆ ಯಾವುದು, ಸಂಜೆಯ ಇಫ್ತಾರಿಗೆ ಯಾವುದು ಎಂದು ಒಬ್ಬೊಬ್ಬರಿಗೂ ಹೊಸದಾಗಿ ಬರೆದುಕೊಡುವವಳು ಅವಳು. ತನ್ನವರ ಉಪವಾಸದ ತಿಂಗಳು ನೆನಪಿತ್ತು. ಅವರ ಉಪವಾಸಕ್ಕೂ ಒಂದು ತಿಂಗಳಿದೆ ಎನ್ನುವುದು ಮರೆತಿತ್ತು. ಊರಿಗೆಲ್ಲ ಪ್ರಶ್ನೆ ಕೇಳಿದವಳು ಕೇಳಬೇಕಾದ ಒಂದನ್ನು ಕೇಳಿರಲಿಲ್ಲ.

ಮನಸ್ಸು ಒಂದು ಗಳಿಗೆ ಹೊಯ್ದಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಪುಡಿಯ ಡಬ್ಬಿ ಎದುರಿಗೇ ಇತ್ತು. ಕೇಳದೆ ಮೂರು ಸ್ಟ್ರಿಪ್ಪು ಕೊಟ್ಟ ಗುಬ್ಬಿಯ ಅಂಗಡಿಯವನಿದ್ದ. ಕೆಂಪು ಅಕ್ಷರದ ಸ್ಟ್ರಿಪ್ಪೊಂದನ್ನು ಕಸದ ಬುಟ್ಟಿಗೆ ಹಾಕಿದರೆ ಕೇಳುವವರು ಯಾರು? ಮಗ್ಗುಲಿನಲ್ಲಿ ಆಟೋ ಸೀಟು ಹೊಲಿಯುವ ಗಂಡ ಅಶ್ಫಾಕ್ ಅಷ್ಟರಲ್ಲಿ ಬಂದು ವಿಷಯ ತಿಳಿದು, ಅವಳನ್ನು ಒಳಗೆ ಕರೆದ.

"ನೀನ್ ಬಾಯ್ ಮುಚ್ಕೊಂಡಿರು. ಲೈಸೆನ್ಸ್ ಹೋಗ್ತದೆ. ಡಾಕ್ಟ್ರು ಟೆಸ್ಟ್ ಮಾಡಿ ಕಂಡ್‌ಹಿಡೀತಾರೆ ಬಿಡು."

"ಕಂಡ್‌ಹಿಡಿಯೋದ್ರಲ್ಲಿ ಎರಡು ದಿನ ಹೋಗ್ತದೆ. ಆ ಎರಡು ದಿನ ಆಯಮ್ಮನ ಕಿಡ್ನಿ ನೀನ್ ಕೊಡ್ತೀಯಾ?" ಎಂದು ಯಾಸ್ಮೀನ್ ಶಟರ್ ಎಳೆದಳು. ನಾಲ್ಕೂ ಸ್ಟ್ರಿಪ್ಪು, ಪುಡಿಯ ಡಬ್ಬಿ ಎಲ್ಲವನ್ನೂ ಚೀಲಕ್ಕೆ ತುಂಬಿ, ಚನ್ನವೀರಯ್ಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರ ಮೇಜಿನ ಮೇಲೆ ಸ್ಟ್ರಿಪ್ಪುಗಳನ್ನು ಇಟ್ಟು ಅವಳು ಸುತ್ತಿಬಳಸದೆ ಹೇಳಿದಳು. "ಸಾರ್, ವಾರಕ್ಕೊಂದು ಅಂತ ಬರೀದೆ ಹಿಂಗೆ ಬರೆದ್ಕೊಟ್ಟೋಳು ನಾನು. ಇಪ್ಪತ್ತೊಂಬತ್ತು ದಿನ ದಿನಾ ನುಂಗಿದಾರೆ. ಕ್ಯಾಲ್ಸಿಯಂ ನೋಡಿ ಸಾರ್, ಮೊದ್ಲು ಕ್ಯಾಲ್ಸಿಯಂ ನೋಡಿ."

ನೋಡಿದರು. ಹದಿನಾಲ್ಕು ದಾಟಿತ್ತು, ಹತ್ತರ ಆಸುಪಾಸಿನಲ್ಲಿ ಇರಬೇಕಾದ್ದು. ಅಲ್ಲಿಂದ ಎಲ್ಲವೂ ಬೇಗಬೇಗ ನಡೆಯಿತು, ಸಲೈನು, ಇಂಜೆಕ್ಷನ್ನು, ಕಿಡ್ನಿಯ ಡಾಕ್ಟರಿಗೆ ಫೋನು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅನುಪಮಾ ಯಾಸ್ಮೀನಳ ಹತ್ತಿರ ಬಂದಳು.

"ನಮ್ಮಮ್ಮ ದೇವರ ಮಾತು ಮೀರಿದ್ರೂ ನಿಮ್ಮ ಮಾತು ಮೀರ್ತಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ, ನಾಚಿಕೆ ಆಗಲ್ವ?"

"ಆಗ್ತದೆ" ಎಂದಳು ಯಾಸ್ಮೀನ್.  ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅತ್ತಳು, ಮುಖ ತೊಳೆದುಕೊಂಡು ಮತ್ತೆ ಬಂದು ಕೂತಳು. ಅನುಪಮಾ ಹೋಗಿ ಎಂದರೂ ಹೋಗಲಿಲ್ಲ.

ಸರ್ವಮಂಗಳಮ್ಮ ಬದುಕಿದಳು. ಹನ್ನೊಂದು ದಿನ ಹಿಡಿಯಿತು. ಕಿಡ್ನಿಗೆ ಸ್ವಲ್ಪ ಪೆಟ್ಟು ಬಿದ್ದಿದೆ, ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಅವಳು ಮನೆಗೆ ಹೋದ ವಾರಕ್ಕೆ ಸೋಮಶೇಖರ್ ಅರ್ಜೂ ಮೆಡಿಕಲ್ಸ್‌ಗೆ ಬಂದ. ಇಸ್ತ್ರಿ ಹೊಡೆದ ಶರ್ಟು, ಕೈಯಲ್ಲಿ ಫೋನು. ಫೋನಿನಲ್ಲಿ ಕೆಂಪು ಅಕ್ಷರದ ಸ್ಟ್ರಿಪ್ಪಿನ ಫೋಟೋ, ಚಿಕ್ಕಮ್ಮನನ್ನು ನೋಡಲು ನರ್ಸಿಂಗ್ ಹೋಮಿಗೆ ಹೋದಾಗ ಹೊಡೆದುಕೊಂಡಿದ್ದು.

"ನೋಡಿ ಮೇಡಂ, ಇದನ್ನ ನಾನು ಗ್ರೂಪಿಗೆ ಹಾಕಿದ್ರೆ ಸಂಜೆ ಒಳಗೆ ನಿಮ್ಮಂಗ್ಡಿ ಮುಚ್ತದೆ. ಡ್ರಗ್ ಇನ್‌ಸ್ಪೆಕ್ಟರಿಗೂ ಕಳಿಸ್ಬೋದು. ಆದ್ರೆ ನಾನು ಅಂಥೋನಲ್ಲ. ನೀವು ನನ್ ಪ್ರಾಡಕ್ಟ್ ವಿಷ್ಯ ಮಾತಾಡೋದು ಬುಡಿ, ನಾನು ಇದನ್ನ ಡಿಲೀಟ್ ಮಾಡ್ತೀನಿ. ಇಬ್ರೂ ಬದುಕೋಣ."

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುವ ಗಾದೆಯನ್ನೂ ನಗುತ್ತಾ ಸೇರಿಸಿದ. ಅವನ ಬಾಯಿಂದ ಆ ಗಾದೆ! ಯಾಸ್ಮೀನ್ ಅವನನ್ನು ಒಂದು ಕ್ಷಣ ನೋಡಿದಳು. ಹೆದರಿಕೆಯಾಗಿದ್ದು ನಿಜ. ಮಗಳು ಅರ್ಜೂ ಎಸ್.ಎಸ್.ಎಲ್.ಸಿ.ಯಲ್ಲಿದ್ದಳು, ಮನೆ ನಡೆಯುತ್ತಿದ್ದುದು ಈ ಅಂಗಡಿಯಿಂದಲೇ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು.

"ಇನ್‌ಸ್ಪೆಕ್ಟ್ರಿಗೆ ನಾನೇ ನಿನ್ನೆ ಬರೆದ್ಕೊಟ್ಟು ಬಂದೆ. ವಿಚಾರಣೆ ಮಾಡ್ತೀವಿ ಅಂದವ್ರೆ, ಮಾಡ್ಲಿ. ನೀವ್ ಗ್ರೂಪಿಗೆ ಹಾಕೋದೇನು, ಇಲ್ಲೇ ಕೂತ್ಕೊಳಿ, ನಾನೇ ಹಾಕ್ತೀನಿ."

ಅಂಗಡಿಯ ಹಿಂದಿನಿಂದ ಬಿಳಿಯ ಬೋರ್ಡೊಂದನ್ನು ತಂದಳು. ಫ್ಲೂ ಲಸಿಕೆಯ ಜಾಹೀರಾತಿಗೆಂದು ಕಂಪನಿಯವರು ಕೊಟ್ಟಿದ್ದ ಬೋರ್ಡು. ಅದನ್ನು ಒರೆಸಿ, ಅದೇ ಕೆಂಪು ಮಾರ್ಕರಿನಲ್ಲಿ, ಅವನೆದುರಿಗೇ ಬರೆದಳು:

"ಈ ಅಂಗಡಿಯಲ್ಲಿ ವಾರದ ಮಾತ್ರೆಗೆ ತಪ್ಪಾಗಿ ಬರೆದುಕೊಟ್ಟಿದ್ದರಿಂದ ಒಬ್ಬ ಹೆಂಗಸಿನ ಜೀವಕ್ಕೆ ಅಪಾಯವಾಗಿತ್ತು. ತಪ್ಪು ನನ್ನದು. ವಿಟಮಿನ್ನೂ ಅಳತೆ ಮೀರಿದರೆ ವಿಷ. ನನ್ನನ್ನೂ ಪ್ರಶ್ನೆ ಕೇಳಿ. ಯಾಸ್ಮೀನ್."

ಬೋರ್ಡನ್ನು ರಸ್ತೆಗೆ ಕಾಣುವಂತೆ ಕೌಂಟರಿನ ಮುಂದೆ ಕಟ್ಟಿದಳು. "ಈಗ ಫೋಟೋ ಹೊಡ್ಕಳಿ. ಆಮೇಲೆ ನಿಮ್ಮ ಸೆಂಟರಿನ ಮುಂದೆ ನೀವೂ ಒಂದು ಕಟ್ಟಿ. ನಿಮ್ಮ ಚಿಕ್ಕಪ್ಪಂಗೆ ಚುಕ್ಕೆ ಮುಚ್ಚಿ ಮೀನ್ ನುಂಗ್ಸಿದ್ದು ಬರೀರಿ. ರಕ್ತದ ಮಾತ್ರೆ ನುಂಗ್ತಾರೆ ಅಂತ ಗೊತ್ತಿದ್ದೂ ನಾಲ್ಕ್ ನಾಲ್ಕು ಕೊಟ್ಟಿದ್ದು ಬರೀರಿ. ಬರೀತೀರಾ? ನಾನು ತಪ್ಪು ಮಾಡಿದೀನಿ ಅಂತ ನಿಮ್ದು ಸರಿ ಆಗಲ್ಲ ಕಣ್ರೀ!"

ಸೋಮಶೇಖರ್ ಹೋದ. ಫೋಟೋವನ್ನು ಗ್ರೂಪಿಗೆ ಹಾಕಿಯೇ ಹಾಕಿದ. ಆದರೆ ಅಷ್ಟರಲ್ಲಿ ಬೋರ್ಡನ್ನು ಶಿರಾ ಗೇಟಿನ ಅರ್ಧ ಜನ ಓದಿಯಾಗಿತ್ತು. ಬಯಲಿಗಿಟ್ಟಿದ್ದನ್ನು ಬಯಲು ಮಾಡುವುದು ಹೇಗೆ?

ಹಾಗಂತ ಎಲ್ಲ ಸುಖವಾಗಿ ಮುಗಿಯಿತೆಂದು ಯಾರೂ ತಿಳಿಯಬೇಡಿ. ವಿಚಾರಣೆ ನಡೆಯಿತು, ಇಪ್ಪತ್ತು ದಿನ ಅಂಗಡಿ ಮುಚ್ಚಿತ್ತು. ತೆರೆದ ಮೇಲೆ ಗಿರಾಕಿಗಳು ಅರ್ಧಕ್ಕಿಳಿದರು. ಬೋರ್ಡು ನೋಡಿ ಎದುರಿನ ಅಂಗಡಿಗೆ ತಿರುಗಿಕೊಂಡವರನ್ನು ಅವಳು ಕಣ್ಣಾರೆ ನೋಡಿದಳು. "ತಪ್ಪೊಪ್ಕೊಂಡಾಯ್ತಲ್ಲ, ಇನ್ನಾದ್ರೂ ಅದನ್ನ ಕಿತ್ತಾಕು" ಎಂದು ಅಶ್ಫಾಕ್ ದಿನಾ ಹೇಳಿದ. ಕೀಳಲಿಲ್ಲ. ಮಳೆಗೆ ಅಕ್ಷರ ಮಾಸಿದರೆ ಮತ್ತೆ ತಿದ್ದಿದಳು. ಮೂರು ಪ್ರಶ್ನೆಗಳೂ ನಿಲ್ಲಲಿಲ್ಲ. ನಾಲ್ಕನೆಯದೊಂದು ಸೇರಿಕೊಂಡಿತು: "ನಿಮ್ಮ ಉಪವಾಸ ಯಾವಾಗ?" ಸ್ಟ್ರಿಪ್ಪಿನ ಮೇಲೆ ದಿನದ ಹೆಸರಿನ ಬದಲು ತಾರೀಖು ಬಂತು, ಒಂದೊಂದು ಗುಳಿಗೆಗೆ ಒಂದೊಂದು ತಾರೀಖು.

ಹತ್ತು ತಿಂಗಳು ಸರ್ವಮಂಗಳಮ್ಮ ಆ ಕಡೆ ಸುಳಿಯಲಿಲ್ಲ. ಮಗಳು ಬಿಡುವುದಿಲ್ಲವಂತೆ ಎಂದು ಚನ್ನವೀರಯ್ಯ ತಲೆ ತಗ್ಗಿಸಿ ಹೇಳಿದ್ದ. ಯಾಸ್ಮೀನ್ ಅದಕ್ಕೆ ಬೇಸರಿಸಿಕೊಳ್ಳಲಿಲ್ಲ. ನನ್ನ ತಾಯಿಯಾಗಿದ್ದರೆ ನಾನೂ ಬಿಡುತ್ತಿರಲಿಲ್ಲ ಎಂದುಕೊಂಡಳು. ಆದರೂ ಸೋಮವಾರ ಬಂದರೆ ಕಣ್ಣು ರಸ್ತೆಯ ಕಡೆ ಹೋಗುತ್ತಿತ್ತು.

ಈ ವರ್ಷ ಶ್ರಾವಣದ ಹಿಂದಿನ ದಿನ, ಹಗಲು ಹನ್ನೊಂದರ ಹೊತ್ತಿಗೆ, ಅಂಗಡಿಯ ಮುಂದೆ ಒಂದು ಸ್ಕೂಟರ್ ನಿಂತಿತು. ಓಡಿಸುತ್ತಿದ್ದವಳು ಅನುಪಮಾ, ಹೆಲ್ಮೆಟ್ ತೆಗೆಯಲೂ ಇಲ್ಲ, ಇಳಿಯಲೂ ಇಲ್ಲ, ಮುಖ ಆ ಕಡೆಗಿತ್ತು. ಹಿಂದಿನಿಂದ ಸರ್ವಮಂಗಳಮ್ಮ ನಿಧಾನಕ್ಕೆ ಇಳಿದಳು. ತೆಳ್ಳಗಾಗಿದ್ದಳು. ಕೌಂಟರಿನ ಮುಂದೆ ಆಗಲೇ ಇಬ್ಬರು ಗಿರಾಕಿಗಳಿದ್ದರು. ಒಬ್ಬ ಬೋರ್ಡು ಓದಿ ಹಿಂದೆ ಸರಿಯುವ ಲೆಕ್ಕದಲ್ಲಿದ್ದ.

ಸರ್ವಮಂಗಳಮ್ಮ ಕನ್ನಡಕ ಏರಿಸಿಕೊಂಡು ಬೋರ್ಡನ್ನು ಗಟ್ಟಿಯಾಗಿ, ಅಕ್ಷರ ಬಿಡದೆ ಓದಿದಳು.  ಒಂದೊಂದು ಪದವೂ ಬಂದು ಯಾಸ್ಮೀನಳ ಮುಖಕ್ಕೆ ತಾಕಿತು.

"ಇದೇನೇ ಇದು, ಒಬ್ಬ ಹೆಂಗಸು ಅಂತ ಬರೆದಿದೀಯ? ಆ ಹೆಂಗಸಿಗೆ ಹೆಸರಿಲ್ವಾ? ಕೊಡಿಲ್ಲಿ ಆ ಪೆನ್ನು."

ಯಾಸ್ಮೀನ್ ಮಾರ್ಕರ್ ಕೊಟ್ಟಳು. ಮುದುಕಿ ಬೋರ್ಡಿನ ಕೆಳಗೆ ಉಳಿದಿದ್ದ ಜಾಗದಲ್ಲಿ, ಸೊಟ್ಟಸೊಟ್ಟ ಅಕ್ಷರಗಳಲ್ಲಿ, ನಿಂತುನಿಂತು ಬರೆದಳು: "ಆ ಹೆಂಗಸು ಸರ್ವಮಂಗಳಮ್ಮ. ಬದುಕಿದಾಳೆ. ಮಾತ್ರೆಗೆ ಇಲ್ಲಿಗೇ ಬರ್ತಾಳೆ."

ಹಿಂದೆ ಸರಿಯುತ್ತಿದ್ದ ಗಿರಾಕಿಯ ಕಡೆ ತಿರುಗಿದಳು. "ಏನಪ್ಪ ನೋಡ್ತೀಯ? ತಪ್ಪು ಮಾಡ್ದೆ ಇರೋ ಅಂಗ್ಡಿ ಹುಡುಕ್ತಿದೀಯಾ? ಗುಬ್ಬೀಲಿ ಮೂರು ಸ್ಟ್ರಿಪ್ಪು ಕೊಟ್ಟೋನು ನನ್ ಹೆಸ್ರೂ ಕೇಳ್ಲಿಲ್ಲ. ಹೋಗು, ಅಂಥೋನ ಹತ್ರಾನೇ ಹೋಗು."

ಆಮೇಲೆ ಸೆರಗಿನಿಂದ ಬಿ.ಪಿ. ಮಾತ್ರೆಯ ಚೀಟಿ ತೆಗೆದು ಕೌಂಟರಿನ ಮೇಲಿಟ್ಟಳು. ಯಾಸ್ಮೀನ್ ಕಣ್ಣೊರೆಸಿಕೊಂಡಳು, ಆದರೆ ಕೈ ಕಪಾಟಿನ ಕಡೆ ಹೋಗಲಿಲ್ಲ.

"ನಾಳೆಯಿಂದ ಶ್ರಾವಣ ಕಣಮ್ಮ" ಎಂದಳು. "ಪೂರ್ತಿ ಒಪ್ಪತ್ತಾ? ಡಾಕ್ಟ್ರನ್ನ ಕೇಳಿದೀರಾ?"

"ಕೇಳಿವ್ನಿ. ಬೇಡ ಅಂದವ್ರೆ. ಈ ಸಲ ಬರೀ ಸೋಮವಾರ."

"ಯಾವ್ಯಾವ ತಾರೀಖು ಹೇಳಿ" ಎಂದು ಯಾಸ್ಮೀನ್ ಸ್ಟೂಲನ್ನು ಅವಳ ಕಡೆ ಎಳೆದು, ಬರೆಯಲು ಕೂತಳು.